ಕೊನೆಯ ದಿನ ಬರಬೇಡಿ: ಜೆರಾಕ್ಸ್ ಅಂಗಡಿಯವನ ಪಾಠಗಳು

ಚಳ್ಳಕೆರೆಯಲ್ಲಿ ಕಾಲೇಜಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ಕರೆಂಟ್ ಹೋದರೆ ನಲವತ್ತು ನಿಮಿಷ ತಡೆಯುವ ಯುಪಿಎಸ್. ಹನ್ನೊಂದು ವರ್ಷದಿಂದ ಮಕ್ಕಳ ಸರ್ಕಾರಿ ನೌಕರಿಯ ಅರ್ಜಿ ತುಂಬುವುದೇ ಕಸುಬು. ಅದಕ್ಕೂ ಮುಂಚೆ ಆರು ವರ್ಷ ನಾನೇ ಅರ್ಜಿ ಹಾಕಿಕೊಂಡು ಓಡಾಡಿದವನು. ಬರೆದ ಪರೀಕ್ಷೆ ಹದಿನಾಲ್ಕು, ಬಂದ ನೌಕರಿ ಸೊನ್ನೆ. ‘ತಾನೇ ಪಾಸಾಗದವನು ಏನು ಹೇಳಿಯಾನು’ ಅಂತ ನಿಮಗೆ ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಪಾಸಾದವರು ತಾವು ನಡೆದ ದಾರಿಯೊಂದನ್ನೇ ಬಲ್ಲರು. ಉಳಿದವರು ಎಲ್ಲೆಲ್ಲಿ ಎಡವಿದರು ಅನ್ನುವುದನ್ನು ನಾನು ಈ ಕುರ್ಚಿಯಲ್ಲಿ ಕೂತೇ ನೋಡಿದ್ದೇನೆ. ಅವರಲ್ಲಿ ಎಷ್ಟೋ ಮಂದಿ ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲೇ, ಒಂದು ಕಾಗದಕ್ಕೋ ಒಂದು ತಾರೀಖಿಗೋ ಸೋತವರು.

1. ಕೊನೆಯ ದಿನವನ್ನು ಕ್ಯಾಲೆಂಡರಿನಿಂದ ಹೊಡೆದುಹಾಕಿ

ಒಂದು ಅರ್ಜಿಯ ಕೊನೆಯ ದಿನ. ಸಂಜೆ ಏಳು ಗಂಟೆಗೆ ಹಳ್ಳಿಯಿಂದ ಅಪ್ಪ, ಮಗಳು ಬಂದರು. ಅಪ್ಪನ ಹೆಗಲ ಮೇಲೆ ಟವೆಲ್, ಮಗಳ ಕೈಯಲ್ಲಿ ಪ್ಲಾಸ್ಟಿಕ್ ಕವರು. ಕವರಿನಲ್ಲಿ ಎಲ್ಲವೂ ಸರಿಯಾಗಿತ್ತು: ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಫೋಟೋ, ಸಹಿ. ಎಲ್ಲ ತುಂಬಿದೆ. ಒಟಿಪಿ ಹೋಗಿದ್ದು ಅವಳ ಅಣ್ಣನ ನಂಬರಿಗೆ. ಹಿಂದೊಮ್ಮೆ ಸ್ಕಾಲರ್‌ಶಿಪ್‌ಗೆ ಕೊಟ್ಟ ನಂಬರನ್ನೇ ಇಲ್ಲಿಗೂ ಕೊಟ್ಟಿದ್ದಳು. ಅಣ್ಣ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ, ರಾತ್ರಿ ಪಾಳಿ. ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ‘ಅಣ್ಣಾ, ಇನ್ನೊಂದ್ ಸಲ ಕಳ್ಸಿ ನೋಡಿ’ ಅಂತ ಆ ಹುಡುಗಿ ಹೇಳುತ್ತಲೇ ಇದ್ದಳು. ಎಂಟೂವರೆಗೆ ಅವರ ಊರಿನ ಕೊನೆ ಬಸ್ಸು. ಅಪ್ಪ ಎರಡು ಸಲ ಎದ್ದು ಹೊರಗೆ ಹೋಗಿ ರಸ್ತೆ ನೋಡಿ ಬಂದ. ಎಂಟೂ ಇಪ್ಪತ್ತಕ್ಕೆ ‘ನಡಿಯವ್ವಾ’ ಅಂದ. ಅಷ್ಟೇ.

ಅವತ್ತಿನಿಂದ ಅಂಗಡಿಗೆ ಬರುವ ಪ್ರತಿ ಮಗುವಿಗೂ ಮೊದಲು ಕೇಳುವುದು ‘ಈ ನಂಬರು ನಿಂದೇನಾ?’ ಅಂತ. ನಿಮ್ಮದೇ ಸಿಮ್, ನಿಮ್ಮದೇ ಇ-ಮೇಲ್, ಪಾಸ್‌ವರ್ಡನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡಿ. ಅಧಿಸೂಚನೆ ಬಂದ ಮೊದಲ ವಾರದಲ್ಲೇ ಅರ್ಜಿ ಹಾಕಿ. ಕೊನೆಯ ಎರಡು ದಿನ ಸರ್ವರ್ ಮಲಗುತ್ತದೆ, ದುಡ್ಡು ಕಟ್ಟಾಗಿ ರಸೀದಿ ಬರದೆ ನಿಲ್ಲುತ್ತದೆ. ಆಮೇಲೆ ನನ್ನ ಮೇಲೆ ರೇಗಿದರೆ ನಾನೇನು ಮಾಡಲಿ?

2. ಸ್ಟೇಟಸ್ ನೋಡಿದ್ದು ಸಾಕು, ಅಧಿಸೂಚನೆ ಓದಿ

‘ಎಸ್‌ಎಸ್‌ಎಲ್‌ಸಿ ಪಾಸಾದವರಿಗೆ ಬಂಪರ್ ಅವಕಾಶ’ ಅಂತ ವಾಟ್ಸಾಪಿನಲ್ಲಿ ಬಂದದ್ದನ್ನು ತೋರಿಸಿ ‘ಅಣ್ಣಾ ಇದಕ್ಕೆ ಹಾಕಿ’ ಅನ್ನುವವರು ದಿನಕ್ಕೆ ಹತ್ತು ಜನ. ಅದರಲ್ಲಿ ಕಾಲುಭಾಗ ಹೋದ ವರ್ಷದ ಸುದ್ದಿ. ಅಧಿಸೂಚನೆ ಮೂವತ್ತು, ನಲವತ್ತು ಪುಟ ಇರುತ್ತದೆ, ಭಾಷೆ ಒರಟು, ಓದಲು ಬೇಜಾರು, ನಿಜ. ಆದರೆ ಮೊದಲು ನೋಡಬೇಕಾದ ಜಾಗ ನಾಲ್ಕೇ: ವಯಸ್ಸನ್ನು ಯಾವ ದಿನಕ್ಕೆ ಲೆಕ್ಕ ಹಾಕುತ್ತಾರೆ, ವಿದ್ಯಾರ್ಹತೆ ಯಾವ ದಿನದೊಳಗೆ ಮುಗಿದಿರಬೇಕು, ನಿಮ್ಮ ವರ್ಗಕ್ಕೆ ಎಷ್ಟು ಹುದ್ದೆ, ಯಾವ ಪ್ರಮಾಣಪತ್ರ ಯಾವ ನಮೂನೆಯಲ್ಲಿ.

ಎರಡನೆಯದು ವಿದ್ಯಾರ್ಥಿಗಳ ಪಾಲಿಗೆ ಬಾವಿಯ ಕಟ್ಟೆ ಇದ್ದ ಹಾಗೆ, ನೋಡದೆ ನಡೆದರೆ ಒಳಗೇ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಗೆ ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ನಮ್ಮ ರಾಜ್ಯದ ಹೆಚ್ಚಿನ ನೇಮಕಾತಿಗಳಲ್ಲಿ ಹಾಗಲ್ಲ. ಅರ್ಜಿಯ ಕೊನೆಯ ದಿನದೊಳಗೆ ಪದವಿ ಕೈಗೆ ಬಂದಿರಬೇಕು. ಒಬ್ಬ ಹುಡುಗನ ಆರನೇ ಸೆಮಿಸ್ಟರ್ ಫಲಿತಾಂಶ ಆ ದಿನ ಕಳೆದು ಒಂಬತ್ತು ದಿನಕ್ಕೆ ಬಂತು. ಪರೀಕ್ಷೆ ಬರೆದ, ಒಳ್ಳೆ ಅಂಕ ಬಂತು, ದಾಖಲಾತಿ ಪರಿಶೀಲನೆಯಲ್ಲಿ ಹೊರಗೆ ಬಂದ. ಅಷ್ಟರಲ್ಲಿ ಒಂದೂವರೆ ವರ್ಷ ಹೋಗಿತ್ತು.

3. ಪದವಿ ಮುಗಿಯಲಿ ಅಂತ ಕಾಯಬೇಡಿ

ಕಾಲೇಜಿನಲ್ಲಿರುವಾಗಲೇ ನಿಮ್ಮ ಕೈಯಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಎರಡೂ ಇರುತ್ತವೆ. ಅವು ಸಾಕಾಗುವ ನೌಕರಿಗಳು ಕಡಿಮೆಯೇನಿಲ್ಲ. ದ್ವಿತೀಯ ದರ್ಜೆ ಸಹಾಯಕ, ಗ್ರಾಮ ಆಡಳಿತ ಅಧಿಕಾರಿ, ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್, ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ ಸಿಎಚ್‌ಎಸ್‌ಎಲ್, ಇವಕ್ಕೆಲ್ಲ ಪಿಯುಸಿ ಸಾಕು. ಅದೇ ಆಯೋಗದ ಎಂಟಿಎಸ್‌ಗೆ ಎಸ್‌ಎಸ್‌ಎಲ್‌ಸಿ ಸಾಕು. ಬಿ.ಎ. ಎರಡನೇ ವರ್ಷದಲ್ಲಿ ಒಂದು ಪರೀಕ್ಷೆ ಬರೆದು ಫೇಲಾದವನು ಪದವಿ ಮುಗಿಸಿ ಮೊದಲ ಸಲ ಹಾಲ್ ಟಿಕೆಟ್ ಹಿಡಿದವನಿಗಿಂತ ಎರಡು ಹೆಜ್ಜೆ ಮುಂದಿರುತ್ತಾನೆ. ಒಎಂಆರ್ ಹಾಳೆಯ ಮೇಲೆ ಕೈ ನಡುಗುವುದು ಒಂದೇ ಸಲ.

ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್‌ಗೆ ಪರೀಕ್ಷೆಯೇ ಇಲ್ಲ, ಎಸ್‌ಎಸ್‌ಎಲ್‌ಸಿ ಅಂಕವೇ ಲೆಕ್ಕ. ನಮ್ಮ ರಾಜ್ಯಕ್ಕೆ ಹತ್ತನೇ ತರಗತಿಯವರೆಗೆ ಕನ್ನಡ ಓದಿರಬೇಕು. ಶಾಖಾ ಅಂಚೆಪಾಲಕರಿಗೆ ಭತ್ಯೆ 12,000 ರೂಪಾಯಿಯಿಂದ, ಸಹಾಯಕರಿಗೆ 10,000ದಿಂದ ಶುರು. ಇದು ಪೂರ್ಣಾವಧಿ ಕೆಲಸವಲ್ಲ, ಇಲಾಖೆಯ ಕಾಯಂ ನೌಕರಿಯೂ ಅಲ್ಲ, ಮೊದಲೇ ತಿಳಿದಿರಲಿ. ಹತ್ತನೇ ತರಗತಿಯಲ್ಲಿ ತೊಂಬತ್ತೈದರ ಮೇಲೆ ತೆಗೆದು, ಆಮೇಲೆ ಮನೆಯ ಕಷ್ಟಕ್ಕೆ ಓದು ಕುಂಟಿದ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಆಸರೆಯಾದದ್ದನ್ನು ನೋಡಿದ್ದೇನೆ. ಅವರಿಗೆ ಅರ್ಜಿ ಶುಲ್ಕವೂ ಇಲ್ಲ.

ಅಂದ ಹಾಗೆ, ‘ನಮ್ಮೂರ ಪಕ್ಕ ಕುದಾಪುರದಲ್ಲೇ ಡಿಆರ್‌ಡಿಒ ಇದೆಯಲ್ಲ, ಅಲ್ಲಿ ಯಾರನ್ನ ಕೇಳಬೇಕು ಅಣ್ಣಾ?’ ಅಂತ ವರ್ಷಕ್ಕೆ ಐವತ್ತು ಹುಡುಗರಾದರೂ ಕೇಳುತ್ತಾರೆ. ಯಾರನ್ನೂ ಅಲ್ಲ. ಅದರ ಖಾಯಂ ಹುದ್ದೆಗಳಿಗೆ ಇಡೀ ದೇಶಕ್ಕೆ ಒಂದೇ ಅಧಿಸೂಚನೆ. ಗೋಡೆಯ ಆಚೆ ಇದೆ ಅಂದ ಮಾತ್ರಕ್ಕೆ ಹತ್ತಿರವಾಗುವುದಿಲ್ಲ.

4. ಕಾಗದಪತ್ರ ಕೂಡಿಸುವ ಕಾಲ ಈಗಲೇ

ಉಳಿದ ಪಾಠ ಮರೆತರೂ ಇದನ್ನು ಮರೆಯಬೇಡಿ.

ಮೊದಲು ಹೆಸರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಟಿ’, ಆಧಾರಿನಲ್ಲಿ ‘ಮಂಜುನಾಥ್ ತಿಪ್ಪೇಸ್ವಾಮಿ’, ಪಿಯುಸಿಯಲ್ಲಿ ‘ಟಿ ಮಂಜುನಾಥ’. ಮನೆಯಲ್ಲಿ ಕರೆದರೆ ಮೂವರೂ ಒಬ್ಬನೇ, ಕಂಪ್ಯೂಟರಿಗೆ ಮೂರು ಜನ. ಹುಟ್ಟಿದ ತಾರೀಖಿಗೂ ಹೆಸರಿಗೂ ಎಸ್‌ಎಸ್‌ಎಲ್‌ಸಿ ಕಾರ್ಡೇ ಬೇರು. ಉಳಿದದ್ದನ್ನು ಅದಕ್ಕೆ ಹೊಂದಿಸಿ. ಆಧಾರ್ ತಿದ್ದಿಸುವುದು ಸುಲಭ. ಎಸ್‌ಎಸ್‌ಎಲ್‌ಸಿಯಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮೂಲಕ ಮಂಡಳಿಗೆ ಹೋಗಬೇಕು, ತಿಂಗಳುಗಟ್ಟಲೆ ಅಲೆದಾಟ. ನೇಮಕಾತಿ ನಡೆಯುತ್ತಿರುವಾಗ ಆಗುವ ಕೆಲಸ ಅದಲ್ಲ.

ಆಮೇಲೆ ಜಾತಿ ಮತ್ತು ಆದಾಯ. ನಾಡಕಚೇರಿಯಿಂದ ಬರುವ ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡವರಿದ್ದಾರೆ, ಒಳ್ಳೆಯದೇ. ಅದರ ಅವಧಿಯನ್ನೂ ನೋಡಿಕೊಳ್ಳಿ. ಹಿಂದುಳಿದ ವರ್ಗದವರ ಜಾತಿ-ಆದಾಯ ಪತ್ರಕ್ಕೆ ಐದು ವರ್ಷ. ಇಲ್ಲಿ ಎಲ್ಲರೂ ಬೀಳುವ ಹಳ್ಳ ಬೇರೆ. ನಮ್ಮ 2ಎ, 3ಬಿ ಪತ್ರಗಳು ರಾಜ್ಯದ ನೌಕರಿಗೆ ಮಾತ್ರ. ಬ್ಯಾಂಕು, ರೈಲ್ವೆ, ಕೇಂದ್ರ ಸರ್ಕಾರದ ಹುದ್ದೆಗೆ ಕೇಂದ್ರದ ನಮೂನೆಯಲ್ಲಿ ಒಬಿಸಿ ಪ್ರಮಾಣಪತ್ರ ಬೇರೆಯೇ ಮಾಡಿಸಬೇಕು. ರಾಜ್ಯದ ಪಟ್ಟಿಯೂ ಕೇಂದ್ರದ ಪಟ್ಟಿಯೂ ಒಂದೇ ಅಲ್ಲ, ನಿಮ್ಮ ಜಾತಿ ಎರಡರಲ್ಲೂ ಇದೆಯೇ ಅಂತ ನೋಡಿಕೊಂಡು ಹೋಗಿ. ಬ್ಯಾಂಕ್ ಪರೀಕ್ಷೆಯ ಕೊನೆಯ ಹಂತದವರೆಗೆ ಹೋಗಿ, ರಾಜ್ಯದ ಪತ್ರ ಮುಂದಿಟ್ಟು ವಾಪಸು ಬಂದ ಒಬ್ಬಳು ಇಂದಿಗೂ ನನ್ನ ಅಂಗಡಿಗೆ ಬಂದಾಗ ಆ ಮಾತು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಆರ್ಥಿಕವಾಗಿ ದುರ್ಬಲ ವರ್ಗದ ಪತ್ರಕ್ಕಂತೂ ಒಂದು ಹಣಕಾಸು ವರ್ಷವಷ್ಟೇ ಆಯುಸ್ಸು.

ಇನ್ನು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ರಾಜ್ಯದ ನೇರ ನೇಮಕಾತಿಯಲ್ಲಿ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು. ನಮ್ಮ ಕಡೆಯ ಮಕ್ಕಳಲ್ಲಿ ಎರಡಕ್ಕೂ ಹಕ್ಕುದಾರರು ಬಹಳ, ಪತ್ರ ಇಟ್ಟುಕೊಂಡವರು ಕಡಿಮೆ. ಗ್ರಾಮೀಣ ಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಮೇಲೆ ಬಿಇಒ ಮೇಲುಸಹಿ. ಒಂದರಿಂದ ಐದು ಒಂದು ಊರು, ಆರು, ಏಳು ಇನ್ನೊಂದು, ಹೈಸ್ಕೂಲು ಮತ್ತೊಂದು ಅಂತಾದರೆ ಮೂರು ಶಾಲೆಗೆ ಅಲೆಯಬೇಕು. ಒಂದು ಶಾಲೆ ಮುಚ್ಚಿ ದಾಖಲೆ ಪಕ್ಕದೂರಿಗೆ ಹೋಗಿರುತ್ತದೆ. ಇನ್ನೊಂದರ ಮೇಷ್ಟ್ರು ತರಬೇತಿಗೆ ಹೋಗಿರುತ್ತಾರೆ. ಸಾಮಾನ್ಯ ವರ್ಗದಲ್ಲಿ ಗ್ರಾಮೀಣ ಮೀಸಲಾತಿ ಕೇಳುವವರಿಗೆ ತಹಶೀಲ್ದಾರರ ಪತ್ರ ಬೇರೆ ಬೇಕು. ಇವೆಲ್ಲ ಅರ್ಜಿಯ ಕೊನೆಯ ದಿನಾಂಕದೊಳಗೆ ಪಡೆದದ್ದೇ ಆಗಿರಬೇಕು. ದಸರಾ ರಜೆ ಮುಗಿದು ಶಾಲೆ ತೆರೆದ ವಾರ ಒಂದು ದಿನ ಕಾಲೇಜಿಗೆ ಚಕ್ಕರ್ ಹೊಡೆದು ಇದನ್ನು ಮಾಡಿಸಿ ಅಂತ ನಾನೇ ಹೇಳುತ್ತೇನೆ, ಮೇಷ್ಟ್ರುಗಳು ಕ್ಷಮಿಸಲಿ.

ಬಳ್ಳಾರಿ, ವಿಜಯನಗರ ಕಡೆಯಿಂದ ಬಂದು ಇಲ್ಲಿ ಓದುವವರಿಗೆ 371(ಜೆ) ಇದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಸೇರಿ ಕಲ್ಯಾಣ ಕರ್ನಾಟಕದವರಿಗೆ ಸ್ಥಳೀಯ ವೃಂದದಲ್ಲಿ ದೊಡ್ಡ ಪಾಲು. ಅರ್ಹತಾ ಪತ್ರ ಕೊಡುವವರು ಸಹಾಯಕ ಆಯುಕ್ತರು, ತಹಶೀಲ್ದಾರರಲ್ಲ.

5. ಅಣ್ಣಂದಿರು ಹೇಳಿದ್ದು ಅವರ ಕಾಲಕ್ಕೆ ಸರಿ

ಗ್ರಾಮ ಲೆಕ್ಕಿಗರನ್ನು ಮೊದಲು ಪಿಯುಸಿ ಅಂಕ ನೋಡಿ ತೆಗೆದುಕೊಳ್ಳುತ್ತಿದ್ದರು. ‘ನಿಂಗೆ ಪಿಯುಸೀಲಿ ಅರವತ್ತು ಬಂದೈತೆ, ಆಸೆ ಬಿಡು’ ಅಂತ ಹಿರಿಯರು ಹೇಳಿದ್ದನ್ನು ನಂಬಿ ಕೂತವರನ್ನು ಕಂಡಿದ್ದೇನೆ. ಆಮೇಲೆ ಹುದ್ದೆಯ ಹೆಸರೂ ಗ್ರಾಮ ಆಡಳಿತ ಅಧಿಕಾರಿ ಅಂತ ಬದಲಾಗಿ, 2024ರಲ್ಲಿ 1000 ಸ್ಥಾನಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪರೀಕ್ಷೆಯನ್ನೇ ನಡೆಸಿತು. ಸಿಇಟಿ ಮಾಡುವವರು ನೌಕರಿ ಪರೀಕ್ಷೆಯನ್ನೂ ಮಾಡುತ್ತಾರೆ ಅನ್ನುವುದು ಎಷ್ಟೋ ಮಕ್ಕಳಿಗೆ ಅವತ್ತೇ ಗೊತ್ತಾದದ್ದು. ಲೋಕಸೇವಾ ಆಯೋಗದ ಜಾಲತಾಣ ಒಂದನ್ನೇ ನೋಡಿಕೊಂಡು ಕೂತರೆ ಸಾಲದು.

ಹಾಗೆಯೇ ‘ಕೇಂದ್ರದ ಪರೀಕ್ಷೆ ಹಿಂದಿ, ಇಂಗ್ಲಿಷಲ್ಲಿ ಇರುತ್ತೆ’ ಅನ್ನುವ ಮಾತು. ಎಂಟಿಎಸ್ 2023ರಿಂದ, ಅರೆಸೇನಾ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲೂ ಇವೆ. ರೈಲ್ವೆಯದ್ದು, ಗ್ರಾಮೀಣ ಬ್ಯಾಂಕಿನದ್ದೂ ಕನ್ನಡದಲ್ಲಿ ಬರೆಯಬಹುದು. ಅರ್ಜಿಯಲ್ಲಿ ಭಾಷೆ ಆರಿಸುವ ಕಡೆ ‘ಕನ್ನಡ ಹಾಕ್ಲಾ?’ ಅಂತ ನಾನು ಕೇಳಿದರೆ ಹುಡುಗರು ಸುತ್ತ ನೋಡಿ ‘ಇಂಗ್ಲಿಷೇ ಇರ್ಲಿ ಅಣ್ಣಾ’ ಅನ್ನುತ್ತಾರೆ. ಈ ನಾಚಿಕೆ ನನಗೆ ಅರ್ಥವಾಗಿಲ್ಲ.

6. ಕನ್ನಡ ಪತ್ರಿಕೆಯನ್ನು ಹಗುರ ಮಾಡಬೇಡಿ

ರಾಜ್ಯದ ಪರೀಕ್ಷೆಗಳ ಕಡ್ಡಾಯ ಕನ್ನಡಕ್ಕೆ 150 ಅಂಕ, ಪಾಸಾಗಲು 50 ಬೇಕು. ಎಸ್‌ಎಸ್‌ಎಲ್‌ಸಿ ಮಟ್ಟದ್ದು, ನಿಜ. ಆದರೂ ಸಾಮಾನ್ಯ ಜ್ಞಾನದಲ್ಲಿ ಮುಂದಿದ್ದವರು ಇದರಲ್ಲಿ ಮುಗ್ಗರಿಸಿದ್ದುಂಟು. ಅಂಗಡಿಯಲ್ಲಿ ಒಂದು ಪುಟದ ಮನವಿ ಬರೆದುಕೊಡಿ ಅಂದರೆ ಅಲ್ಪಪ್ರಾಣ, ಮಹಾಪ್ರಾಣ ಕಲಸುಮೇಲೋಗರ. ಟೈಪ್ ಮಾಡಿ ಮಾಡಿ ಕೈಬರಹವೇ ಬಿದ್ದುಹೋಗಿದೆ. ದಿನಕ್ಕೊಂದು ಪುಟ ಬರೆಯಿರಿ, ಸಾಕು.

7. ಇಂಟರ್ನ್‌ಶಿಪ್ ನೌಕರಿಯ ಹಿಂಬಾಗಿಲಲ್ಲ

ಈಚೆಗೆ ಎಲ್ಲರ ಬಾಯಲ್ಲೂ ಇದೇ ಮಾತು. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರಲ್ಲಿ ಶುರುವಾದಾಗ ಅಂಗಡಿ ಮುಂದೆ ಸಾಲು ನಿಂತಿತ್ತು. ತಿಂಗಳಿಗೆ 5000, ಒಂದು ಸಲ 6000 ರೂಪಾಯಿ ಅಂದ ಮೇಲೆ ನಿಲ್ಲದೆ ಇದ್ದಾರೆಯೇ! ಮುಕ್ಕಾಲು ಪಾಲು ಮಕ್ಕಳನ್ನು ವಾಪಸು ಕಳಿಸಿದೆ. ಶುರುವಿನ ನಿಯಮದಲ್ಲಿ ವಯಸ್ಸು 21ರಿಂದ 24, ಮತ್ತು ರೆಗ್ಯುಲರ್ ಆಗಿ ಓದುತ್ತಿರುವವರಿಗೆ ಇಲ್ಲ. ಅದು ದೊಡ್ಡ ಕಂಪನಿಗಳಲ್ಲಿನ ತರಬೇತಿ, ಸರ್ಕಾರಿ ಕಚೇರಿಯದ್ದೂ ಅಲ್ಲ.

ಓದುತ್ತಿರುವವರಿಗೆ ಬೇರೆ ಬಾಗಿಲುಗಳಿವೆ. ನೀತಿ ಆಯೋಗ ಪ್ರತಿ ತಿಂಗಳ 1ರಿಂದ 10ನೇ ತಾರೀಖಿನೊಳಗೆ ಅರ್ಜಿ ತೆಗೆದುಕೊಳ್ಳುತ್ತದೆ. ಪದವಿಯ ಎರಡನೇ ವರ್ಷ ಮುಗಿದಿರಬೇಕು, ಪಿಯುಸಿಯಲ್ಲಿ ಶೇ. 85 ಇರಬೇಕು, ಸಂಬಳ ಇಲ್ಲ. ದಿಲ್ಲಿಯಲ್ಲಿ ಉಳಿಯುವ ಖರ್ಚು ಲೆಕ್ಕ ಹಾಕಿದರೆ ನಮ್ಮ ಕಡೆಯವರಿಗೆ ಕಷ್ಟ. ಬಿ.ಎಸ್ಸಿ. ಮಕ್ಕಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳ ಜತೆ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಚೆನ್ನ: ಎಂಟು ವಾರ, ಒಬ್ಬ ವಿಜ್ಞಾನಿಯ ಕೈಕೆಳಗೆ. ಬೇಸಿಗೆಯದ್ದು ಅಂತ ಮಾರ್ಚಿನಲ್ಲಿ ಕೇಳಿಕೊಂಡು ಬರಬೇಡಿ, ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯಲ್ಲೇ ಕರೆದು ಮುಗಿದಿರುತ್ತದೆ. ಐಟಿಐ, ಡಿಪ್ಲೊಮಾದವರು ಇಂಟರ್ನ್‌ಶಿಪ್ ಬಿಟ್ಟು ಅಪ್ರೆಂಟಿಸ್ ಹುಡುಕಿ. 1961ರ ಕಾಯ್ದೆಯಡಿ ಅದಕ್ಕೆ ಸ್ಟೈಪೆಂಡ್ ಉಂಟು. ಹುಬ್ಬಳ್ಳಿ, ಮೈಸೂರಿನ ರೈಲ್ವೆ ವರ್ಕ್‌ಶಾಪ್, ಎಚ್‌ಎಎಲ್, ಬಿಇಎಲ್ ಎಲ್ಲ ಕರೆಯುತ್ತವೆ.

ನನಗೆ ಹಿಡಿಸಿದ್ದು ಇನ್ನೊಂದು. ಬಿ.ಎ. ಓದುತ್ತಿದ್ದ ಒಬ್ಬ ಹುಡುಗ ಪ್ರಾಂಶುಪಾಲರಿಂದ ಒಂದು ಪತ್ರ ಬರೆಸಿಕೊಂಡು ತನ್ನೂರಿನ ಗ್ರಾಮ ಪಂಚಾಯಿತಿಗೆ ಹೋದ. ಬೇಸಿಗೆ ರಜೆಯ ಒಂದು ತಿಂಗಳು ಕಾಸಿಲ್ಲದೆ ಕೂತ. ಮೊದಲ ವಾರ ಅವನನ್ನು ಟೀ ತರಲು ಕಳಿಸಿದರಂತೆ. ಎರಡನೇ ವಾರ ಕಂದಾಯದ ರಸೀದಿ ಜೋಡಿಸಲು ಕೊಟ್ಟರು. ಮೂರನೇ ವಾರ ಸಭೆಯ ನಡವಳಿ ಬರೆಯಲು ಕೂರಿಸಿದರು. ಅಂಗಡಿಗೆ ಬಂದವನು ‘ಅಣ್ಣಾ, ಒಂದು ಅರ್ಜಿ ಎಷ್ಟು ಕೈ ದಾಟುತ್ತೆ ಗೊತ್ತಾ?’ ಅಂತ ಬೆರಳು ಮಡಚಿ ಎಣಿಸಿದ. ಪಠ್ಯದಲ್ಲಿ ಎರಡು ಸಾಲಿರುವ ಪಂಚಾಯತ್‌ರಾಜ್ ಅವನಿಗೆ ಬಾಯಿಪಾಠ ಮಾಡುವ ವಿಷಯವಾಗಿ ಉಳಿಯಲಿಲ್ಲ. ಕೆಲವು ಕಡೆ ಹೋಗು ಅಂತಾರೆ, ಕೆಲವು ಕಡೆ ಬಾ ಅಂತಾರೆ. ಕೇಳುವುದಕ್ಕೇನು ಶುಲ್ಕವಿಲ್ಲವಲ್ಲ.

8. ದುಡ್ಡು ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು

ಸಿಬ್ಬಂದಿ ನೇಮಕಾತಿ ಆಯೋಗದ ಶುಲ್ಕ ನೂರು ರೂಪಾಯಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಅದೂ ಇಲ್ಲ. ರೈಲ್ವೆ ಪರೀಕ್ಷೆಗೆ 500 ಕಟ್ಟಿದರೂ ಮೊದಲ ಹಂತ ಬರೆದವರಿಗೆ 400 ವಾಪಸು ಬರುತ್ತದೆ. ಬ್ಯಾಂಕ್ ಖಾತೆ ಸಂಖ್ಯೆ ತಪ್ಪು ಹಾಕಿ ಅದನ್ನು ಕಳೆದುಕೊಂಡವರೇ ಬಹಳ. ಕೋಚಿಂಗಿಗೆ ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗುವವರು, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಉಚಿತ ತರಬೇತಿಗೆ ಮೊದಲು ಅರ್ಜಿ ಹಾಕಿ ನೋಡಿ. ಸಾಲ ಮಾಡಿ ಹೋಗಬೇಡಿ, ಮೊದಲ ಆರು ತಿಂಗಳು ಊರಿನ ಗ್ರಂಥಾಲಯ ಸಾಕು.

ಇನ್ನೊಂದು ದುಡ್ಡು ಇದೆ. ಒಮ್ಮೆ ಇಸ್ತ್ರಿ ಷರಟಿನ ಒಬ್ಬಾತ ಅಂಗಡಿಗೆ ಬಂದು, ‘ಹುಡುಗರ ನಂಬರು ಕೊಡಿ, ಆರ್ಡರ್ ನಾನು ತರಿಸ್ತೀನಿ, ನಿಮಗೂ ಒಂದು ಪಾಲು’ ಅಂದ. ಎದುರಿಗೆ ಕೂತಿದ್ದ ಹುಡುಗ ಕಿವಿ ನೆಟ್ಟಗೆ ಮಾಡಿದ್ದು ಕಂಡು ನನಗೆ ಹೆಚ್ಚು ಭಯವಾಯಿತು. ಅವನಿಗೆ ನಾನು ಹೇಳಿದ್ದು ಪಿಎಸ್‌ಐ ಕತೆ: 545 ಹುದ್ದೆ, 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದು, ಮರುಪರೀಕ್ಷೆ 2024ರ ಜನವರಿಯಲ್ಲಿ. ದುಡ್ಡು ಕೊಟ್ಟವರು ಜೈಲು ನೋಡಿದರು. ನ್ಯಾಯವಾಗಿ ಓದಿ ಪಾಸಾದವರೂ ಎರಡು ವರ್ಷ ಕಳೆದುಕೊಂಡರು.

9. ಕಾಯುವ ಕಾಲಕ್ಕೆ ಬೇರೆ ಅನ್ನ ಇರಲಿ

ಅಧಿಸೂಚನೆಯಿಂದ ನೇಮಕಾತಿ ಆದೇಶದವರೆಗೆ ಎಷ್ಟು ದಿನ ಅಂತ ಯಾರೂ ಹೇಳಲಾರರು. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ಕ್ಕೆ ನಡೆಯಿತು. ಕನ್ನಡ ಅನುವಾದದಲ್ಲಿ ಪ್ರಶ್ನೆಗಳೇ ತಲೆಕೆಳಗಾಗಿದ್ದವು, ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದರು. ಕನ್ನಡದಲ್ಲಿ ಬರೆಯಿರಿ ಅಂತ ಮೇಲೆ ಹೇಳಿದವನೇ ಇದನ್ನೂ ಹೇಳುತ್ತೇನೆ: ಪ್ರಶ್ನೆ ವಿಚಿತ್ರವಾಗಿ ಕಂಡರೆ ಪಕ್ಕದ ಇಂಗ್ಲಿಷನ್ನೂ ಒಮ್ಮೆ ನೋಡಿ.

ಅಷ್ಟು ದಿನ ಮನೆಯಲ್ಲಿ ಬರೀ ಓದುತ್ತಾ ಕೂರುವುದು ಹೊರಗಿನಿಂದ ಕಂಡಷ್ಟು ಸುಲಭವಲ್ಲ. ಮೊದಲ ವರ್ಷ ಅಮ್ಮ ತಟ್ಟೆಗೆ ತುಪ್ಪ ಹಾಕುತ್ತಾಳೆ. ಮೂರನೇ ವರ್ಷ ನೆಂಟರು ಬಂದರೆ ನೀವೇ ಎದ್ದು ಹಿತ್ತಲಿಗೆ ಹೋಗುತ್ತೀರಿ. ನನ್ನದು ಆರನೇ ವರ್ಷದವರೆಗೆ ಹೋಯಿತು. ಅಪ್ಪ ಶೇಂಗಾ ಮಂಡಿಗೆ ಮೂಟೆ ಹಾಕಿ ಬಂದು, ಬಾಯಿ ಬಿಟ್ಟು ಏನೂ ಹೇಳದೆ, ರಸೀದಿಯನ್ನು ನನ್ನ ಪುಸ್ತಕದ ಮೇಲೆ ಇಟ್ಟು ಹೋದ ದಿನ ನಿಲ್ಲಿಸಿದೆ. ಮೊದಲೇ ಒಂದು ವರ್ಷ ಗೊತ್ತುಮಾಡಿಕೊಂಡಿದ್ದರೆ ಮೂರಕ್ಕೆ ನಿಲ್ಲಿಸುತ್ತಿದ್ದೆ. ಈಗಿನ ಮಕ್ಕಳಿಗೆ ನಾನು ಹೇಳುವುದು, ಬಿ.ಇಡಿ. ಮಾಡಿ, ಟ್ಯೂಷನ್ ಹೇಳಿ, ಅಂಗಡಿಯಲ್ಲಿ ಲೆಕ್ಕ ಬರೆಯಿರಿ, ಜತೆಗೆ ಓದಿ. ಯಾವ ವಯಸ್ಸಿಗೆ ನಿಲ್ಲಿಸುತ್ತೀರಿ ಅನ್ನುವುದನ್ನು ಮನೆಯವರ ಮುಂದೆ ಬಾಯಿಬಿಟ್ಟು ಹೇಳಿಡಿ.

ಈಗ ಕೆಲವು ಅರ್ಜಿಗಳಿಗೆ ಫೋಟೋ ಅಪ್‌ಲೋಡ್ ನಡೆಯುವುದಿಲ್ಲ, ಕ್ಯಾಮೆರಾ ಮುಂದೆ ಕೂತೇ ತೆಗೆಸಬೇಕು. ಅದಕ್ಕೆಂದೇ ಅಂಗಡಿಯ ಒಂದು ಗೋಡೆಗೆ ಬಿಳಿ ಬಣ್ಣ ಹೊಡೆಸಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುತ್ತೇನೆ. ಬರುವಾಗ ಮಾರ್ಕ್ಸ್ ಕಾರ್ಡಿನ ಮೂಲಪ್ರತಿ ತನ್ನಿ, ಫೋನಿನಲ್ಲಿ ತೆಗೆದ ಓರೆ ಫೋಟೋ ಬೇಡ. ಒಟಿಪಿ ಬರುವ ಫೋನು ನಿಮ್ಮ ಜೇಬಿನಲ್ಲೇ ಇರಲಿ.